ಮಂಚದ ಕೆಳಗಿನ ಟ್ರಂಕು

ಬೆಳಿಗ್ಗೆ ಎಂಟು ಗಂಟೆಗೆ ಅಂಗಡಿಗಳ ಷಟರು ಮೇಲಕ್ಕೆ ಹೋಗಬೇಕು. ಇವತ್ತು ಕೆಳಕ್ಕೆ ಬರುತ್ತಿವೆ.

ನೀವು ವಠಾರದ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೀರಿ. ಬಕೆಟ್ಟಿಗೆ ನೀರು ಎಳೆಯಾಗಿ ಬೀಳುತ್ತಿದೆ, ಒಳಗೆ ಹೆಂಡತಿ ಹಾಕಿದ ಒಗ್ಗರಣೆಯ ಘಾಟು ಮೂಗಿಗೆ ಹತ್ತುತ್ತಿದೆ, ಬೀದಿಯಲ್ಲಿ ಒಂದಾದ ಮೇಲೊಂದು ತಗಡು ಕಿರುಗುಟ್ಟಿ ದಡಾರನೆ ನೆಲಕ್ಕೆ ಬಡಿಯುತ್ತಿದೆ. ದಿನಸಿ ಅಂಗಡಿ. ಬೇಕರಿ. ಸೈಕಲ್ ಷಾಪು. ನೀವು ತಲೆಯೆತ್ತುವ ಹೊತ್ತಿಗೆ ಒಬ್ಬ ಹುಡುಗ ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನ ಮುಂದೆ ಓಡುತ್ತಾನೆ. ಓಡುತ್ತಲೇ ಕೂಗುತ್ತಾನೆ: “ಅಣ್ಣಾವ್ರನ್ನ ವೀರಪ್ಪನ್ ಎತ್ತಾಕ್ಕೊಂಡೋಗವ್ನೆ!”

ಬಕೆಟ್ಟು ತುಂಬಿ ನೀರು ನಿಮ್ಮ ಪಾದ ತೋಯಿಸುತ್ತದೆ. ನಲ್ಲಿ ನಿಲ್ಲಿಸಬೇಕೆಂದು ಹೊಳೆಯುವುದೇ ಇಲ್ಲ.

ಇದು 2000ನೇ ಇಸವಿ, ಜುಲೈ 31, ಸೋಮವಾರ. ರಾಜಾಜಿನಗರ ಮುಗಿದು ಶ್ರೀರಾಂಪುರ ಶುರುವಾಗುವ ಕಡೆ, ಒಂದೇ ನಲ್ಲಿ, ಎರಡು ಕಕ್ಕಸು, ಆರು ಮನೆಗಳ ಈ ವಠಾರದಲ್ಲಿ ಮೂರು ಮನೆಯವರು ಕನ್ನಡ ಮಾತಾಡುತ್ತಾರೆ, ಎರಡು ಮನೆಯವರು ತಮಿಳು, ಒಂದು ಮನೆಯವರು ತೆಲುಗು. ನಲ್ಲಿಯ ಮುಂದೆ ಜಗಳವಾಡುವಾಗ ಎಲ್ಲರದೂ ಒಂದೇ ಭಾಷೆ. ನೀವು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಷೆಡ್ಡಿನಲ್ಲಿ ಲೇತ್ ಓಡಿಸುತ್ತೀರಿ. ಒಂಬತ್ತಕ್ಕೆ ಅಲ್ಲಿರಬೇಕಿತ್ತು. ಇವತ್ತು ಷೆಡ್ಡು ತೆರೆಯುವುದಿಲ್ಲವೆಂದು ನಿಮಗೆ ಯಾರೂ ಹೇಳಬೇಕಾಗಿಲ್ಲ. ಬೀದಿಯ ಸದ್ದು ಬದಲಾಗಿದೆ, ಅಷ್ಟು ಸಾಕು. ಬಸ್ಸಿನ ಗುರುಗುಟ್ಟುವಿಕೆ ಇಲ್ಲ. ಬಿಎಂಟಿಸಿ ಅಂತ ಹೆಸರು ಬದಲಾಗಿ ಮೂರು ವರ್ಷವಾದರೂ ನೀವೆಲ್ಲ ಬಿಟಿಎಸ್ ಅಂತಲೇ ಕರೆಯುವ ಬಸ್ಸುಗಳು ಡಿಪೋ ಸೇರಿಕೊಂಡಿವೆ. ಸ್ಕೂಲಿಗೆ ಹೊರಟ ಮಗಳು ಬ್ಯಾಗು ಬೆನ್ನಿಗೇರಿಸಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ. ಅವಳ ಭುಜ ಹಿಡಿದು ಒಳಗೆ ಎಳೆದುಕೊಳ್ಳುತ್ತೀರಿ. ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಎಳೆದಿದ್ದೀರಿ, ಅವಳ ಮುಖ ನೋಡಿದರೆ ತಿಳಿಯುತ್ತದೆ.

ಎದುರು ಮನೆಯ ಟೀವಿಯ ಮುಂದೆ ಇಡೀ ವಠಾರ ಸೇರಿದೆ. ಯಾರೂ ಮಾತಾಡುತ್ತಿಲ್ಲ. ಅಲ್ಲಿಂದ ಚೂರುಚೂರಾಗಿ ಬಂದದ್ದನ್ನು ನೀವು ಜೋಡಿಸಿಕೊಳ್ಳುತ್ತೀರಿ. ನಿನ್ನೆ ರಾತ್ರಿ, ಭೀಮನ ಅಮಾವಾಸ್ಯೆಯ ಕತ್ತಲು. ಗಾಜನೂರಿನ ಮನೆಯಲ್ಲಿ ಊಟ ಮುಗಿಸಿ ಟೀವಿ ನೋಡುತ್ತ ಕೂತಿದ್ದಾರೆ ಎಪ್ಪತ್ತೊಂದು ವರ್ಷದ ರಾಜ್‌ಕುಮಾರ್, ಪಕ್ಕದಲ್ಲಿ ಪಾರ್ವತಮ್ಮ. ಒಂಬತ್ತೂವರೆಯ ಸುಮಾರಿಗೆ ಬಾಗಿಲಲ್ಲಿ ಬಂದೂಕು. ಆ ಮೀಸೆಯನ್ನು ಪೇಪರಿನಲ್ಲಿ ನೋಡದವರು ಯಾರಿದ್ದಾರೆ? ದಂತಚೋರ ವೀರಪ್ಪನ್ ಅಣ್ಣಾವ್ರನ್ನು, ಅಳಿಯ ಗೋವಿಂದರಾಜು ಅವರನ್ನು, ನೆಂಟ ನಾಗೇಶರನ್ನು, ಸಹಾಯಕ ನಿರ್ದೇಶಕ ನಾಗಪ್ಪನವರನ್ನು ಎಬ್ಬಿಸಿಕೊಂಡು ಹೋಗುತ್ತಾನೆ. ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ಟು ಕೊಡುತ್ತಾನೆ, ಮುಖ್ಯಮಂತ್ರಿಗೆ ಮುಟ್ಟಿಸಲು.

ಆ ರಾತ್ರಿ ಪಾರ್ವತಮ್ಮ ಹೊರಟ ಕಾರಿನಲ್ಲಿ ಒಂದು ಗಳಿಗೆ ಕೂತು ನೋಡಿ. ಗಾಜನೂರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ದಾರಿ. ಗಂಡ ಕಾಡಿನ ಕಡೆಗೆ ನಡೆದಿದ್ದಾನೆ, ಹೆಂಡತಿ ಅದಕ್ಕೆ ಬೆನ್ನು ಹಾಕಿ ಎದುರು ದಿಕ್ಕಿಗೆ ಹೋಗಬೇಕು. ಹಾಡು ತುಂಬುವಂಥ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಗಂಡನ ಜೀವದ ಬೆಲೆ ಏನೆಂದು ಹೇಳುವ ದನಿ. ಆಕೆ ಅದನ್ನು ಬೆಳಗಾಗುವುದರೊಳಗೆ ಎಸ್.ಎಂ. ಕೃಷ್ಣ ಅವರಿಗೆ ಮುಟ್ಟಿಸುತ್ತಾರೆ. ಆ ಕಷ್ಟದ ರಾತ್ರಿಯಲ್ಲಿ ಮಾಡಬೇಕಾದ್ದು ಇದೇ ಎಂದು ಆಕೆಗೆ ಹೊಳೆದದ್ದು ಹೇಗೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಹನ್ನೊಂದು ಗಂಟೆಗೆ ಗಾಳಿಯಲ್ಲಿ ಟೈರು ಸುಟ್ಟ ವಾಸನೆ. ಮಾಗಡಿ ರಸ್ತೆಯ ಕಡೆಯಿಂದ ಬರುತ್ತಿದೆ. ಆ ವಾಸನೆ ಗಂಟಲ ಹಿಂಭಾಗಕ್ಕೆ ಹೋಗಿ ಕೂರುತ್ತದೆ, ನೀರು ಕುಡಿದರೂ ಇಳಿಯುವುದಿಲ್ಲ. ವಿಜಯನಗರದಲ್ಲಿ ಬಸ್ಸಿಗೆ ಕಲ್ಲು ಬಿತ್ತಂತೆ. ಮೈಸೂರಿಂದ ಬಂದವರನ್ನು ಕೆಂಗೇರಿಯಲ್ಲೇ ಇಳಿಸಿದರಂತೆ, ಮಕ್ಕಳನ್ನು ಕಟ್ಟಿಕೊಂಡು ನಡೆದೇ ಬರುತ್ತಿದ್ದಾರಂತೆ. ಬಸವೇಶ್ವರನಗರದಲ್ಲಿ ಒಂದೂ ಅಂಗಡಿ ಇಲ್ಲವಂತೆ. ಇವತ್ತು ಎಲ್ಲ ಮಾತಿನ ಕೊನೆಗೂ ಒಂದು ‘ಅಂತೆ’ ಇದೆ.

ಆಗ ಹಿಂದಿನಿಂದ ಸಣ್ಣ ದನಿ. “ತಮ್ಮಾ.”

ಮೂರನೇ ಮನೆಯ ಅಕ್ಕ. ಗಂಡ ಬಿನ್ನಿ ಮಿಲ್ಲಿನಲ್ಲಿದ್ದವರು, ಈಗಿಲ್ಲ. ನಿಮ್ಮ ಮಗಳು ಹುಟ್ಟಿದಾಗ ಹನ್ನೊಂದು ದಿನ ಬಿಸಿನೀರು ಕಾಯಿಸಿ ಎರೆದದ್ದು ಇದೇ ಅಕ್ಕ. ಅವರ ಹಿಂದೆ ಬಾಗಿಲು ಅರೆ ತೆರೆದಿದೆ. ಗೋಡೆಯ ಮೇಲಿನ ಮುರುಗನ ಕ್ಯಾಲೆಂಡರನ್ನು ತಿರುಗಿಸಿ ಹಾಕಿದ್ದಾರೆ, ತಮಿಳು ಅಕ್ಷರ ಗೋಡೆಯ ಕಡೆಗೆ, ಖಾಲಿ ಬಿಳಿ ಕಾಗದ ಮನೆಯ ಕಡೆಗೆ. ಕೈಯಲ್ಲೊಂದು ತಗಡಿನ ಟ್ರಂಕು. “ಇದು ನಿನ್ ಮನೇಲಿ ಇರ್ಲಿ ತಮ್ಮಾ. ಜಾಸ್ತಿ ದಿನ ಬೇಡ.”

ನಿಮಗೆ ಅರ್ಥವಾಗಲು ವಿವರಣೆ ಬೇಕಿಲ್ಲ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತ್ತು. ಡಿಸೆಂಬರ್ 11ಕ್ಕೆ ಅದು ಕೇಂದ್ರದ ಗೆಜೆಟ್ಟಿನಲ್ಲಿ ಬಂತು, ಮಾರನೇ ದಿನ ಬೆಂಗಳೂರು ಹೊತ್ತಿಕೊಂಡಿತು. ಆ ಡಿಸೆಂಬರಿನಲ್ಲಿ ಅಕ್ಕನ ಗಂಡನ ತಮ್ಮನ ಇಸ್ತ್ರಿ ಅಂಗಡಿ ಮಾಗಡಿ ರಸ್ತೆಯಲ್ಲಿ ಬೂದಿಯಾಯಿತು. ಊರವರು ಕೊಟ್ಟ ಬಟ್ಟೆಯ ಗಂಟುಗಳೂ ಅದರೊಳಗೇ ಸುಟ್ಟವು. ಅವನು ತಿಂಗಳುಗಟ್ಟಲೆ ಮನೆಮನೆಗೆ ಹೋಗಿ ಸೀರೆ ಪ್ಯಾಂಟುಗಳ ದುಡ್ಡು ತೀರಿಸಿದ. ತಗಡಿಗೆ ಬೆಂಕಿ ಹತ್ತುವುದಿಲ್ಲ ಎಂಬುದನ್ನು ಅಕ್ಕ ಕಲಿತದ್ದು ಆಗಲೇ.

ಈಗ ಟ್ರಂಕು ನಿಮ್ಮಿಬ್ಬರ ನಡುವೆ ಗಾಳಿಯಲ್ಲಿದೆ. ಎರಡೂ ಕೈ ಚಾಚಿದರೆ ಮುಗಿಯಿತು. ಆದರೆ ಯಾರಾದರೂ ನೋಡಿದರೆ? ಒಳಗೆ ಮಗಳಿದ್ದಾಳೆ, ಮರದ ಬಾಗಿಲು, ಸೀಮೆಎಣ್ಣೆ ಸ್ಟೌ. ಒಂದು ಉಸಿರಿನಷ್ಟು ಹೊತ್ತು ನಿಮ್ಮ ಕೈ ಎದ್ದೇಳುವುದಿಲ್ಲ. ಒಂದೇ ಉಸಿರು. ಅಕ್ಕ ಅದನ್ನು ನೋಡಿಬಿಡುತ್ತಾರೆ. ಆಮೇಲೆ ನೀವು ಟ್ರಂಕು ಇಸಕೊಂಡು ಮಂಚದ ಕೆಳಗೆ ತಳ್ಳುತ್ತೀರಿ, ಹೆಂಡತಿ ಅದರ ಮುಂದೆ ಈರುಳ್ಳಿ ಬುಟ್ಟಿ ಇಡುತ್ತಾಳೆ, ಎಲ್ಲ ಸರಿಯಾಗಿಯೇ ಆಗುತ್ತದೆ. ಆ ಉಸಿರು ಮಾತ್ರ ಆಗಿಹೋಗಿದೆ.

ಮಧ್ಯಾಹ್ನ ಎರಡಕ್ಕೆ ಅವರು ಬರುತ್ತಾರೆ.

ಮೊದಲು ಘೋಷಣೆ, ದೂರದಿಂದ, ಒಂದೇ ಹೆಸರು ಮತ್ತೆ ಮತ್ತೆ. ಆಮೇಲೆ ಚಪ್ಪಲಿಗಳ ಸದ್ದು. ಐವತ್ತು ಜನ, ಇರಬಹುದು ಎಂಬತ್ತು. ಕೈಯಲ್ಲಿ ಅಣ್ಣಾವ್ರ ಫೋಟೊ, ಇದೇ ವರ್ಷ ಬಂದ ‘ಶಬ್ದವೇಧಿ’ಯ ಪೋಸ್ಟರು, ಹಳದಿ ಕೆಂಪು ಬಾವುಟ. ಕೆಲವರ ಕೈಯಲ್ಲಿ ದೊಣ್ಣೆ. ಗೇಟಿನ ಮುಂದೆ ನಿಲ್ಲುತ್ತಾರೆ. ಹೃದಯ ಕಿವಿಯಲ್ಲಿ ಬಡಿಯುತ್ತಿದೆ. ಒಬ್ಬ ಗೇಟು ಹಿಡಿದು ಅಲ್ಲಾಡಿಸುತ್ತಾನೆ. ಚಿಲಕ ಕುಣಿಯುತ್ತದೆ. ನೀವು ಮುಂದೆ ಹೋಗುತ್ತೀರಿ. ಯಾಕೆ ಹೋದಿರಿ, ಗೊತ್ತಿಲ್ಲ, ಕಾಲು ಹೋಯಿತು. “ಒಳಗೆ ಯಾರ್ಯಾರಿದ್ದೀರಾ?” ನಾಲಿಗೆ ಒಣಗಿದೆ. ಬೆನ್ನ ಹಿಂದೆ ಮೂರನೇ ಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುವುದು ಕೇಳಿಸುತ್ತದೆ. ಅವರಿಗೂ ಕೇಳಿಸಿತೇ?

“ಎಲ್ಲಾ ನಮ್ಮೋರೇ ಇರೋದು.”

ಅಷ್ಟೇ ಹೇಳುತ್ತೀರಿ. ಸುಳ್ಳೆಂದು ಅನಿಸುವುದಿಲ್ಲ, ನಿಜ ಹೇಳಿದೆನೆಂಬ ಧೈರ್ಯವೂ ಇಲ್ಲ. ಗೇಟು ಹಿಡಿದವನ ಕಣ್ಣು ಕೆಂಪಾಗಿದೆ. ಕೋಪ ಅಂದುಕೊಂಡಿರಿ, ಹತ್ತಿರದಿಂದ ನೋಡಿದರೆ ಅತ್ತಿದ್ದಾನೆ. ಅವನ ಪಕ್ಕದಲ್ಲಿ, ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಅಣ್ಣಾವ್ರಿಗೆ ಜೈಕಾರ ಹಾಕುತ್ತಿರುವ ಹುಡುಗನ ಮುಖ ನಿಮಗೆ ಗೊತ್ತು. ಮೂರನೇ ಮನೆಯ ಅಕ್ಕನ ಮಗ.

ಅವನು ನಿಮ್ಮನ್ನು ನೋಡುತ್ತಾನೆ. ಕೂಗುವುದನ್ನು ನಿಲ್ಲಿಸುವುದಿಲ್ಲ. ಕತ್ತಿನ ನರ ಉಬ್ಬಿದೆ. ಇದು ಭಯವೋ ಪ್ರೀತಿಯೋ? ಅವನ ಬಾಲ್ಯವೆಲ್ಲ ಟಾಕೀಸಿನ ಗಾಂಧಿ ಕ್ಲಾಸಿನಲ್ಲಿ, ಅಣ್ಣಾವ್ರ ಚಿತ್ರದ ಮೊದಲ ದಿನದ ಮೊದಲ ಆಟದಲ್ಲಿ ಕಳೆದಿದೆ. ಪರದೆಗೆ ಚಿಲ್ಲರೆ ಎಸೆದವನು, ಹೇಳಿಕೊಟ್ಟಂತೆ ಡೈಲಾಗು ಒಪ್ಪಿಸುವವನು. ಶ್ರೀರಾಂಪುರದ ಎಷ್ಟೋ ತಮಿಳು ಮನೆಗಳಲ್ಲಿ ಎಂಜಿಆರ್ ಫೋಟೊದ ಪಕ್ಕದಲ್ಲೇ ರಾಜ್‌ಕುಮಾರ್ ಫೋಟೊ ಇರುವುದು ಈ ಬೀದಿಗೆ ಹೊಸದೇನಲ್ಲ. ಅವನು ನಿಜವಾಗಿಯೂ ಅಳುತ್ತಿರಬಹುದು. ಕೂಗು ನಿಲ್ಲಿಸಿದರೆ ಪಕ್ಕದವನು ತನ್ನ ಮುಖ ನೋಡುತ್ತಾನೆಂಬ ಹೆದರಿಕೆಯೂ ಇರಬಹುದು. ಎರಡೂ ಒಂದೇ ಗಂಟಲಿನಿಂದ ಬರುತ್ತಿವೆ. ಗುಂಪು ಮುಂದಕ್ಕೆ ಸರಿಯುತ್ತದೆ. ನಿಮ್ಮ ಅಂಗಿ ಬೆನ್ನಿಗಂಟಿದೆ.

ರಾಜಾಜಿನಗರದ ಹೆಸರನ್ನೇ ನೋಡಿ. ರಾಜಾಜಿ ಅಂದರೆ ಚಕ್ರವರ್ತಿ ರಾಜಗೋಪಾಲಾಚಾರಿ. ಹೊಸೂರಿನ ಹತ್ತಿರದ ತೊರಪ್ಪಳ್ಳಿಯವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಮನೆಮಾತು ತಮಿಳು. ಕನ್ನಡಿಗರ ಅಣ್ಣಾವ್ರ ಗಾಜನೂರು ಇರುವುದು ತಾಳವಾಡಿಯಲ್ಲಿ, ಕನ್ನಡ ಮಾತಾಡುವ ಆ ಸೀಮೆ ಇರುವುದು ತಮಿಳುನಾಡಿನ ನಕ್ಷೆಯಲ್ಲಿ. ನಕ್ಷೆ ಬರೆದವರು ಗೆರೆ ಎಳೆದು ಹೋದರು, ಜನ ಗೆರೆಯ ಎರಡೂ ಕಡೆ ಸಂಸಾರ ಹೂಡಿದರು.

ಅದೇ ದಿನ ಕೃಷ್ಣ ಚೆನ್ನೈಗೆ ಹಾರುತ್ತಾರೆ, ಕರುಣಾನಿಧಿಯವರನ್ನು ಕಾಣಲು. ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಕೂತು ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಆರ್.ಆರ್. ಗೋಪಾಲ್ ಅವರನ್ನು ದೂತನಾಗಿ ಕಾಡಿಗೆ ಕಳಿಸಲು ಒಪ್ಪುತ್ತಾರೆ. ಆಗಸ್ಟ್ ಮೊದಲ ವಾರ ಬೇಡಿಕೆಗಳ ಪಟ್ಟಿ ಪೇಪರಿನಲ್ಲಿ ಬರುತ್ತದೆ. ವಠಾರದ ಕೊನೆಯ ಮನೆಯ ನಿವೃತ್ತ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದುತ್ತಾರೆ. ಕಾವೇರಿ ನೀರು. 1991ರ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ. ಕರ್ನಾಟಕದಲ್ಲಿ ತಮಿಳಿಗೆ ಆಡಳಿತ ಭಾಷೆಯ ಸ್ಥಾನ. ಹಲಸೂರು ಕೆರೆಯ ಹತ್ತಿರ 1991ರಿಂದ ಬಟ್ಟೆ ಸುತ್ತಿ ನಿಲ್ಲಿಸಿರುವ ತಿರುವಳ್ಳುವರ್ ಪ್ರತಿಮೆಯ ಅನಾವರಣ. ಟಾಡಾ ಕೈದಿಗಳ ಬಿಡುಗಡೆ. ನೀಲಗಿರಿಯ ಟೀ ಬೆಳೆಗಾರರಿಗೆ ಬೆಂಬಲ ಬೆಲೆ.

“ಇದು ದಂತ ಕದಿಯೋನ ಪಟ್ಟಿ ಅಲ್ಲ,” ಅನ್ನುತ್ತಾರೆ ಮೇಷ್ಟ್ರು ಕನ್ನಡಕ ತೆಗೆದು.

ಹೌದು. ಮೊದಲು ಅವನು ಕೇಳುತ್ತಿದ್ದುದು ಹಣ ಮತ್ತು ಕ್ಷಮೆ. ಈಗ ತಮಿಳು ರಾಷ್ಟ್ರವಾದಿ ಹುಡುಗರು ಅವನ ಜೊತೆ ಸೇರಿದ್ದಾರೆ, ಅವರಿಗೆ ಬೇಕಿರುವುದು ಕ್ರಾಂತಿ. ಆನೆ ಕೊಲ್ಲುತ್ತಿದ್ದವನು ಎರಡು ಸರ್ಕಾರಗಳ ಮುಂದೆ ಒಂದು ಜನಾಂಗದ ವಕೀಲನಾಗಿ ನಿಂತಿದ್ದಾನೆ. ಆ ಜನಾಂಗದ ಮೂರನೇ ಮನೆಯ ಅಕ್ಕ ಬೇಡಿಕೆಯ ಒಂದೊಂದು ಸಾಲು ಕೇಳಿದಾಗಲೂ ಗೋಡೆಗೆ ಇನ್ನಷ್ಟು ಒರಗುತ್ತಾರೆ. ತನ್ನ ಹೆಸರಲ್ಲಿ ಯಾರೋ ಏನೋ ಕೇಳುತ್ತಿದ್ದಾರೆ, ಅದರ ಸಾಲ ತೀರಿಸಬೇಕಾದವಳು ತಾನು. ಈ ದಿನಗಳನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಕಾಡಿನ ಬಂದೂಕಿಗಿಂತ ಹೆಚ್ಚಾಗಿ ಆ ಗೋಡೆ, ಅದಕ್ಕೊರಗಿದ ಆ ಬೆನ್ನು.

ಟಾಡಾ ಕೈದಿಗಳ ವಿಷಯ ನಿಮಗೆ ಅಷ್ಟಾಗಿ ಗೊತ್ತಿರಲಿಲ್ಲ. ಅದೂ ಈಗ ಒಂದೊಂದಾಗಿ ಹೊರಗೆ ಬರುತ್ತದೆ. 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೈಯಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ 22 ಜೀವ. ಅದರ ಬೆನ್ನಿಗೇ ಕಾಡಂಚಿನ ಹಳ್ಳಿಗಳಿಗೆ ವಿಶೇಷ ಕಾರ್ಯಪಡೆ ನುಗ್ಗಿತು. ಸಿಕ್ಕವರನ್ನೆಲ್ಲ, ಹೆಂಗಸರನ್ನೂ ಬಿಡದೆ, ಭಯೋತ್ಪಾದನೆ ತಡೆ ಕಾಯ್ದೆ ಟಾಡಾ ಹಾಕಿ ಮೈಸೂರು ಜೈಲಿಗೆ ತುಂಬಿದರು. ಪೊಲೀಸರಿಂದ ಆದ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ನೇಮಿಸಬೇಕಾಯಿತು. ಬಂದೂಕು ಹಿಡಿದವನು ಕಾಡಿನಲ್ಲೇ ಉಳಿದ, ಅವನಿಗೆ ರಾಗಿ ಕೊಟ್ಟವರು, ಕೊಟ್ಟರೆಂದು ಅನುಮಾನಕ್ಕೆ ಸಿಕ್ಕವರು ಒಳಗೆ ಹೋದರು.

ದಿನ ಎಣಿಸುವುದು ನಿಮಗೂ ರೂಢಿಯಾಗುತ್ತದೆ. ಇಪ್ಪತ್ತು. ಮೂವತ್ತು. ಗೋಪಾಲ್ ಕಾಡಿಗೆ ಹೋಗುತ್ತಾರೆ, ಬರುತ್ತಾರೆ. ಕ್ಯಾಸೆಟ್ಟಿನಲ್ಲಿ ಅಣ್ಣಾವ್ರ ದನಿ ಬರುತ್ತದೆ, ವಠಾರದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಕೇಳುತ್ತಾರೆ. ದನಿ ಅದೇ, ಸ್ವಲ್ಪ ತೆಳ್ಳಗಾಗಿದೆಯೇ? 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಬಿಲ್ಲು ಹಿಡಿದು ಪರದೆಯ ಕಾಡಿಗೆ ಹೊಕ್ಕವರನ್ನು ಎಪ್ಪತ್ತು ದಾಟಿದ ಮೇಲೆ, ಮಂಡಿ ನೋವಿನಲ್ಲಿ, ನಿಜವಾದ ಕಾಡು ನಡೆಸುತ್ತಿದೆ. ಕನ್ನಡ ಚಿತ್ರರಂಗ ಕೆಲಸ ನಿಲ್ಲಿಸಿದೆ. ಲೈಟು ಹೊರುವವರು, ಅಡುಗೆಯವರು, ದಿನಗೂಲಿಯವರು ಮನೆಯಲ್ಲಿ ಕೂತಿದ್ದಾರೆ. ಏಳೇ ತಿಂಗಳ ಹಿಂದೆ ಕಂದಹಾರಿಗೆ ವಿಮಾನ ಹೊತ್ತೊಯ್ದಾಗ ಸರ್ಕಾರ ಮೂವರು ಉಗ್ರರನ್ನು ಬಿಟ್ಟು ಪ್ರಯಾಣಿಕರನ್ನು ಕರೆತಂದಿತ್ತು, ಇಲ್ಲೂ ಹಾಗೇ ಕೊಟ್ಟು ಕರೆತನ್ನಿ ಅನ್ನುತ್ತಾಳೆ ನಿಮ್ಮ ಹೆಂಡತಿ. ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯವರು 444 ದಿನ ಕೂತಿದ್ದರಮ್ಮ ಅನ್ನುತ್ತಾರೆ ಮೇಷ್ಟ್ರು. ಆ ಸಂಖ್ಯೆ ಕೇಳಿ ಎಲ್ಲರೂ ಸುಮ್ಮನಾಗುತ್ತಾರೆ.

ಸರ್ಕಾರ ಕೊಡಲು ಒಪ್ಪುತ್ತದೆ. ಟಾಡಾ ಮೊಕದ್ದಮೆ ಹಿಂತೆಗೆಯುವುದಾಗಿ ಹೇಳುತ್ತದೆ. ಆಗ ಮೈಸೂರಿನಿಂದ ಒಬ್ಬ ಮುದುಕರು ದೆಹಲಿಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟುತ್ತಾರೆ. ಅಬ್ದುಲ್ ಕರೀಂ, ಮೀಣ್ಯದಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ. ನನ್ನ ಮಗನನ್ನು ಕೊಂದ ಪ್ರಕರಣವನ್ನು ಹೀಗೆ ಕೈಬಿಡಬೇಡಿ, ಅವರು ಕೇಳುವುದು ಅಷ್ಟೇ. ಆಗಸ್ಟ್ ಕೊನೆಯ ವಾರ ಕೋರ್ಟು ತಡೆಯೊಡ್ಡುತ್ತದೆ.

ಆ ಸಂಜೆ ಪೇಪರು ಕೈಯಲ್ಲಿ ಹಿಡಿದಾಗ ನಿಮಗೇನನಿಸುತ್ತದೆಂದು ಪ್ರಾಮಾಣಿಕವಾಗಿ ಹೇಳಿ. ಬೀದಿಯಲ್ಲಿ ಅವರನ್ನು ಬೈಯುವವರಿದ್ದಾರೆ. ನಿಮಗೂ ಒಂದು ಗಳಿಗೆ ಸಿಟ್ಟು ಬರುತ್ತದೆ: ಅಣ್ಣಾವ್ರ ಜೀವ ಹೋದರೆ? ಆಮೇಲೆ ಎಂಟು ವರ್ಷದಿಂದ ಮಗನ ಫೋಟೊದ ಮುಂದೆ ದೀಪ ಹಚ್ಚುತ್ತಿರುವ ಮನೆ ನೆನಪಾಗುತ್ತದೆ. ಇಡೀ ರಾಜ್ಯ ಒಬ್ಬರಿಗಾಗಿ ಕಾಯುತ್ತಿರುವಾಗ, ಸತ್ತ ಇನ್ನೊಬ್ಬನ ಹೆಸರನ್ನು ಎತ್ತಿಹಿಡಿದು ನಿಲ್ಲಲು ಎಂಥ ಎದೆ ಬೇಕು. ಈ ನೂರೆಂಟು ದಿನಗಳಲ್ಲಿ ನಾನು ಕಂಡ ಅತ್ಯಂತ ಒಂಟಿ ನಿರ್ಧಾರ ಅದು, ಮತ್ತು ಸರಿಯಾದದ್ದೂ ಹೌದು.

ಸೆಪ್ಟೆಂಬರ್ ಕೊನೆಗೆ ನಾಗಪ್ಪ ಕಾಡಿನಿಂದ ತಪ್ಪಿಸಿಕೊಂಡು ಬರುತ್ತಾರೆ. ಸುದ್ದಿ ಕೇಳಿ ವಠಾರ ಕುಣಿಯುವುದಿಲ್ಲ, ಬೆವರುತ್ತದೆ: ಆ ಸಿಟ್ಟು ಈಗ ಯಾರ ಮೇಲೆ ತಿರುಗುತ್ತದೆ? ಅಕ್ಟೋಬರ್‌ನಲ್ಲಿ ಗೋವಿಂದರಾಜು ಬಿಡುಗಡೆ. ತಮಿಳು ರಾಷ್ಟ್ರವಾದಿ ನಾಯಕ ನೆಡುಮಾರನ್ ಮತ್ತಿತರರು ದೂತರ ಜೊತೆ ಸೇರುತ್ತಾರೆ. ಗಣೇಶ, ದಸರಾ, ದೀಪಾವಳಿ ಮೈಕಿಲ್ಲದೆ ಕಳೆದುಹೋಗುತ್ತವೆ. ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟು ತೀರ್ಪು ಕೊಡುತ್ತದೆ: ಮೊಕದ್ದಮೆ ಹಿಂತೆಗೆಯುವಂತಿಲ್ಲ. ಇಷ್ಟು ವರ್ಷ ಅವನನ್ನು ಹಿಡಿಯಲಾಗದ ಎರಡೂ ಸರ್ಕಾರಗಳಿಗೆ ಛೀಮಾರಿಯೂ ಬೀಳುತ್ತದೆ.

ಆ ರಾತ್ರಿ ವಠಾರದಲ್ಲಿ ಯಾರೂ ಸರಿಯಾಗಿ ಉಣ್ಣುವುದಿಲ್ಲ.

ಮುಂದಿನದು ನಿಮಗೀಗ ಗೊತ್ತಿಲ್ಲ, ನಾನು ಹೇಳುತ್ತೇನೆ. ಮರುವರ್ಷ, 2001ರ ಸೆಪ್ಟೆಂಬರ್‌ನಲ್ಲಿ, ಮೈಸೂರಿನ ಟಾಡಾ ನ್ಯಾಯಾಲಯ ಆ ಕೈದಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ನಿರಪರಾಧಿಗಳೆಂದು ಬಿಡುತ್ತದೆ. ಬಿಡುವ ಹೊತ್ತಿಗೆ ಅವರ ಮಕ್ಕಳು ಬೆಳೆದು ದೊಡ್ಡವರಾಗಿರುತ್ತಾರೆ. ಅಣ್ಣಾವ್ರ ಬಿಡುಗಡೆಗೆ ಹಣ ಸಂದಾಯವಾಯಿತೆಂದು ಆಗಿನ ಡಿಜಿಪಿ ಸಿ. ದಿನಕರ್ ಪುಸ್ತಕ ಬರೆಯುತ್ತಾರೆ, ಸರ್ಕಾರ ಒಪ್ಪುವುದಿಲ್ಲ. 2002ರ ಆಗಸ್ಟ್‌ನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅಪಹರಣವಾಗುತ್ತದೆ, ಡಿಸೆಂಬರ್‌ನಲ್ಲಿ ಸಿಗುವುದು ಹೆಣ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ವೀರಪ್ಪನ್ ಪೊಲೀಸರ ಗುಂಡಿಗೆ ಸಾಯುತ್ತಾನೆ. 2009ರ ಆಗಸ್ಟ್‌ನಲ್ಲಿ ತಿರುವಳ್ಳುವರ್ ಮೇಲಿನ ಬಟ್ಟೆ ಸರಿಯುತ್ತದೆ, ಚೆನ್ನೈಯಲ್ಲಿ ಸರ್ವಜ್ಞ ನಿಲ್ಲುತ್ತಾನೆ. ಬಂದೂಕಿನಿಂದ ಆಗದ್ದು ಎರಡು ಸರ್ಕಾರಗಳ ಮಾತುಕತೆಯಿಂದ ಆಗುತ್ತದೆ, ಹದಿನೆಂಟು ವರ್ಷ ತಡವಾಗಿ. 2018ರ ಸೆಪ್ಟೆಂಬರ್‌ನಲ್ಲಿ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ ಅಪಹರಣ ಪ್ರಕರಣದ ಉಳಿದ ಒಂಬತ್ತೂ ಆರೋಪಿಗಳನ್ನು ಸಾಕ್ಷ್ಯ ಸಾಲದೆ ಬಿಟ್ಟುಬಿಡುತ್ತದೆ. ಆ ಹೊತ್ತಿಗೆ ರಾಜ್‌ಕುಮಾರ್ ನಿಮ್ಮ ರಾಜಾಜಿನಗರಕ್ಕೆ ಸಮೀಪದ ಕಂಠೀರವ ಸ್ಟುಡಿಯೋದಲ್ಲಿ ಮಣ್ಣಾಗಿ ಹನ್ನೆರಡು ವರ್ಷ, ಪಾರ್ವತಮ್ಮ ಹೋಗಿ ಒಂದು ವರ್ಷ ದಾಟಿರುತ್ತದೆ.

ಆದರೆ ನೀವಿನ್ನೂ 2000ದಲ್ಲಿದ್ದೀರಿ. ನವೆಂಬರ್ 15, ಬುಧವಾರ, ಚಳಿ ಶುರುವಾಗಿದೆ.

ಢಂ!

ತಟ್ಟೆ ಕೈಯಿಂದ ಜಾರುತ್ತದೆ. ಇನ್ನೊಂದು. ಮತ್ತೊಂದು, ಹತ್ತಿರದಲ್ಲೇ. ಮೂರನೇ ಮನೆಯ ಬಾಗಿಲು ಬಡಿದು ಅಗುಳಿ ಬೀಳುವ ಸದ್ದು ಅದರ ನಡುವೆಯೂ ಕೇಳಿಸುತ್ತದೆ. ನೀವು ಹೊರಗೆ ಓಡುತ್ತೀರಿ. ಹೊಗೆ. ಮದ್ದಿನ ವಾಸನೆ. ಬೀದಿಯ ಆ ತುದಿಯಲ್ಲಿ ಕಿರುಚಾಟ. ಎದೆ ಬಾಯಿಗೆ ಬರುತ್ತದೆ. ಆಮೇಲೆ ಹೊಗೆಯೊಳಗಿಂದ ಅಕ್ಕನ ಮಗ ಓಡಿ ಬರುತ್ತಾನೆ, ಕೈಯಲ್ಲಿ ಪಟಾಕಿ ಸರ, ದೀಪಾವಳಿಗೆ ಹೊಡೆಯದೆ ಇಟ್ಟದ್ದು. “ಬಿಟ್ರು! ಅಣ್ಣಾವ್ರನ್ನ ಬಿಟ್ರು ಮಾಮಾ!” ಅವನು ನಿಮ್ಮನ್ನು ತಬ್ಬಿಕೊಳ್ಳುತ್ತಾನೆ. ಮೈಯೆಲ್ಲ ನಡುಗುತ್ತಿದೆ, ಅವನದೋ ನಿಮ್ಮದೋ ತಿಳಿಯುವುದಿಲ್ಲ.

ಅಕ್ಕನ ಬಾಗಿಲನ್ನು ಎರಡು ಮೂರು ಸಲ ತಟ್ಟಬೇಕಾಗುತ್ತದೆ. ಅಗುಳಿ ತೆಗೆದು ಮುಖವಷ್ಟನ್ನೇ ಹೊರಗೆ ಹಾಕುತ್ತಾರೆ. “ಪಟಾಕೀನಾ?” ಅನ್ನುತ್ತಾರೆ. ಮಗ ಹೇಳಿದ್ದು ಕೇಳಿ ಹೊಸಿಲ ಮೇಲೆ ಕುಸಿದು ಕೂರುತ್ತಾರೆ, ಎರಡೂ ಕೈ ಜೋಡಿಸುತ್ತಾರೆ. ನಿಮ್ಮ ಹೆಂಡತಿ ಸಕ್ಕರೆ ತಂದು ಅವರ ಬಾಯಿಗೆ ಹಾಕುತ್ತಾಳೆ. ಹೆಂಗಸರಿಬ್ಬರೂ ಅಳುತ್ತಿದ್ದಾರೆ.

ನೀವು ಒಳಗೆ ಹೋಗಿ ಈರುಳ್ಳಿ ಬುಟ್ಟಿ ಸರಿಸಿ ಟ್ರಂಕು ಎಳೆಯುತ್ತೀರಿ. ನಾಲ್ಕೂ ಮೂಲೆಯಲ್ಲಿ ನೆಲಕ್ಕೆ ತುಕ್ಕಿನ ಗುರುತು ಬಿದ್ದಿದೆ. ಹೊತ್ತು ತಂದು ಅಕ್ಕನ ಮುಂದೆ ಇಡುತ್ತೀರಿ. ಅವರು ಮುಚ್ಚಳದ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾರೆ. ಬೀದಿಯ ಕಡೆ ನೋಡುತ್ತಾರೆ, ಅಲ್ಲಿ ಇನ್ನೊಂದು ಸರ ಹೊತ್ತಿಕೊಂಡಿದೆ.

“ಇರ್ಲಿ ತಮ್ಮಾ,” ಅನ್ನುತ್ತಾರೆ ಟ್ರಂಕನ್ನು ಮೆಲ್ಲಗೆ ನಿಮ್ಮ ಕಡೆಗೇ ತಳ್ಳುತ್ತ. “ಇನ್ನೊಂದೆರಡು ದಿನ ನಿನ್ ಮನೇಲೇ ಇರ್ಲಿ.”